ಹಾದಿಯಲ್ಲಿ ಆರಿದ ನೀರು

ಬಿಸಿನೀರಿನ ಮೇಲೂ ಒಂದು ಪ್ರಬಂಧವೇ ಎಂದು ವಾಚಕರು ನಗಬಾರದು. ಲೆಕ್ಕ ತಪ್ಪಿದವರು ನಾವು, ಅದರ ಫಲ ಉಂಡವರು ನೆರೆಯವರು. ಅದನ್ನು ಹೇಳಿಕೊಂಡರೆ ನಮ್ಮ ಮನಸ್ಸು ಹಗುರಾದೀತು. ನಿಮ್ಮಲ್ಲಿ ಯಾರಿಗಾದರೂ ಉಪಯೋಗವೂ ಆದೀತು.

ಕುಂದಾಪುರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಬಚ್ಚಲಿಗೆ ಅಂಟಿಕೊಂಡೇ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಒಣ ಮಡಲು, ತೆಂಗಿನ ಸಿಪ್ಪೆ ತುರುಕಿ ಬೆಂಕಿ ಮಾಡಿದರೆ ಮನೆಮಂದಿಗೆಲ್ಲ ಸ್ನಾನ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಹೂ ಮುಡಿಸಿ ನೀರು ತುಂಬಿದರೆ ಮರುದಿನ ಬೆಳಗಿನ ಜಾವ ಎಣ್ಣೆಸ್ನಾನ. ಹಂಡೆಗೂ ಮೈಗೂ ಒಂದು ತಂಬಿಗೆಯಷ್ಟೇ ದೂರ.

ಅಂಧೇರಿಗೆ ಬಂದ ಮೇಲೆ ಹಂಡೆ ಹೋಗಿ ಗೀಸರು ಬಂತು. ಮುಂದೆ ಬೆಂಗಳೂರಿನ ನೆಂಟರ ಮನೆಗಳ ತಾರಸಿಯಲ್ಲಿ ಸೌರ ಹೀಟರುಗಳನ್ನು ಕಂಡು ನಮಗೂ ಆಸೆ ಹುಟ್ಟಿತು. ಅಲ್ಲಿ 2007ರಲ್ಲೇ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದ್ದರು. ನಮ್ಮದು ಏಳು ಮಹಡಿಯ ಕಟ್ಟಡ, 28 ಮನೆ. ಸೊಸೈಟಿಯ ಖಜಾಂಚಿಗಿರಿ ನಮ್ಮ ಪಾಲಿಗಿತ್ತು. ಮನೆಗೆ 100 ಲೀಟರಿನಂತೆ 2,800 ಲೀಟರು, 60 ಡಿಗ್ರಿ ಶಾಖ, ಇಷ್ಟು ಉಳಿತಾಯ ಎಂದು ಸಭೆಯಲ್ಲಿ ಓದಿ ಹೇಳಿದೆವು. ಎಲ್ಲರೂ ಒಪ್ಪಿ ಸಮಪಾಲು ಹಣ ಕೊಟ್ಟರು.

ಆ ವರ್ಷದ ದೀಪಾವಳಿಗೆ ಚಕ್ಕುಲಿಯ ಡಬ್ಬ ಹಿಡಿದು ಒಂದನೆಯ ಮಹಡಿಯ ಮರಾಠಿ ಆಜಿಯ ಮನೆಗೆ ಹೋದೆವು. ಒಂಟಿ ಜೀವ, ಎಪ್ಪತ್ತು ದಾಟಿದ ವಯಸ್ಸು. ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಏನಾಯಿತೆಂದು ಕೇಳಿದರೆ, ಗ್ಯಾಸಿನ ಮೇಲೆ ಕಾಯಿಸಿದ ನೀರನ್ನು ಬಚ್ಚಲಿಗೆ ಒಯ್ಯುವಾಗ ಪಾತ್ರೆ ಜಾರಿತಂತೆ.

“ಮೇಲಿನಿಂದ ಬಿಸಿನೀರು ಬರುವುದಿಲ್ಲವೇ, ಆಜಿ?”

“ಬರುತ್ತದೆ, ಮಗಾ. ಆದರೆ ಅದು ಬರುವಷ್ಟರಲ್ಲಿ ನನ್ನ ಬಕೆಟು ತಣ್ಣೀರಿನಿಂದ ತುಂಬಿರುತ್ತದೆ. ಈ ಊರಿನಲ್ಲಿ ನೀರು ಚೆಲ್ಲಲು ಮನಸ್ಸು ಬರುತ್ತದೆಯೇ?”

ನಮಗೆ ಮಾತೇ ಹೊರಡಲಿಲ್ಲ. ಅವರು ದೂರಲಿಲ್ಲ ಎಂಬುದೇ ಹೆಚ್ಚು ಚುಚ್ಚಿತು.

ನಮ್ಮ ತಮ್ಮನ ಮಗನ ಕಸುಬು ಕಟ್ಟಡಗಳ ಶಕ್ತಿಯ ಲೆಕ್ಕ. ಕಟ್ಟುವ ಮೊದಲೇ ಕಟ್ಟಡವನ್ನು ಕಂಪ್ಯೂಟರಿನಲ್ಲಿ ರೂಪಿಸಿ, ವರ್ಷಕ್ಕೆ ಎಷ್ಟು ವಿದ್ಯುತ್ತು ಬೇಕಾದೀತೆಂದು ಹೇಳುತ್ತಾನೆ. ನಮ್ಮ ಕಾಗದ ನೋಡಿ ಅವನು ಕೇಳಿದ್ದು ಒಂದೇ ಪ್ರಶ್ನೆ: “ದೊಡ್ಡಪ್ಪ, ಇದರಲ್ಲಿ ಪೈಪು ಎಲ್ಲಿದೆ?”

ಟ್ಯಾಂಕಿನಿಂದ ಆಜಿಯ ನಲ್ಲಿಗೆ ಸುಮಾರು 30 ಮೀಟರು ಪೈಪು. ಒಳಗಿನ ಅಗಲ 20 ಮಿಲಿಮೀಟರು. ಮೀಟರಿಗೆ ಮೂರನೆಯ ಒಂದು ಲೀಟರಿಗೆ ಸ್ವಲ್ಪ ಕಡಿಮೆ ನೀರು ಹಿಡಿಯುವುದರಿಂದ ಒಟ್ಟು ಒಂಬತ್ತೂವರೆ ಲೀಟರು ಅದರಲ್ಲೇ ನಿಂತಿರುತ್ತದೆ. 60 ಡಿಗ್ರಿಯ ಆ ನೀರು ರಾತ್ರಿ 27ಕ್ಕೆ ಇಳಿದರೆ ಕಳೆದುಹೋಗುವ ಶಾಖ 300 ಕಿಲೋಕ್ಯಾಲೊರಿಗೂ ಹೆಚ್ಚು. ಹದಿನೈದು ಲೀಟರಿನ ಒಂದು ಬಕೆಟು ನೀರನ್ನು 27ರಿಂದ 42 ಡಿಗ್ರಿಗೆ ಏರಿಸಲು 225 ಸಾಕು. ಅಂದರೆ ಪೈಪು ಒಂದು ಸಲ ಆರಿದರೆ ಒಬ್ಬರ ಸ್ನಾನಕ್ಕಿಂತ ಹೆಚ್ಚಿನ ಶಾಖ ಗೋಡೆಯ ಪಾಲು! ಎಲ್ಲರಿಗಿಂತ ಮೊದಲು, ಐದೂವರೆಗೇ ಸ್ನಾನಕ್ಕಿಳಿಯುವ ಆಜಿಯ ಪಾಲಿಗೆ ಬಂದದ್ದು ಆ ಆರಿದ ನೀರು. ನೆಂಟರ ಮನೆಯಲ್ಲಾದರೋ ಟ್ಯಾಂಕು ಬಚ್ಚಲಿನ ನೆತ್ತಿಯ ಮೇಲೇ ಇತ್ತು.

ನಷ್ಟ ಮೂರು ಬಗೆ ಎಂದು ಅವನು ವಿವರಿಸಿದ. ಬಳಸದೆ ಇದ್ದರೂ ಟ್ಯಾಂಕಿನ ಮೈಯಿಂದ ಸೋರುವುದು ಒಂದು. ಅಂಗಡಿಯ ಶೇಖರಣೆ ಗೀಸರಿನ ಮೇಲೆ ಅಂಟಿಸಿರುವ ನಕ್ಷತ್ರಗಳು ಈ ಸೋರಿಕೆಯನ್ನೇ ಅಳೆಯುತ್ತವೆ. ನೀರು ಹರಿಯುವಾಗ ಪೈಪಿನಿಂದ ಹೋಗುವುದು ಎರಡನೆಯದು. ನಲ್ಲಿ ಮುಚ್ಚಿದ ಮೇಲೆ ಪೈಪಿನಲ್ಲೇ ನಿಂತು ಆರುವುದು ಮೂರನೆಯದು. ಚಳಿದೇಶಗಳಲ್ಲಿ ಮನೆಯೊಳಗೆ ಸೋರಿದ ಶಾಖ ಚಳಿಗಾಲದಲ್ಲಿ ಮನೆಯನ್ನೇ ಬೆಚ್ಚಗಿಡುವುದರಿಂದ ಅಲ್ಲಿನ ಲೆಕ್ಕಿಗರು ಅದರಲ್ಲಿ ಒಂದು ಪಾಲನ್ನು ಲಾಭಕ್ಕೆ ಬರೆದುಕೊಳ್ಳುತ್ತಾರೆ. ಅಂಧೇರಿಯಲ್ಲಿ ಆ ಭಾಗ್ಯವಿಲ್ಲ. ಇಲ್ಲಿ ಕೋಣೆಗೆ ಸೋರಿದ ಶಾಖ ಸೆಖೆಗೆ ಸೇರುತ್ತದೆ, ಏ.ಸಿ. ಇದ್ದರೆ ಅದನ್ನು ಹೊರಗಟ್ಟಲು ಮತ್ತೆ ವಿದ್ಯುತ್ತು ಬೇಕು.

“ಪೈಪಿಗೆ ಹೊದಿಕೆ ಸುತ್ತಿದರೆ ಸಾಕೇ?” ಎಂದೆವು.

“ಹಗಲಿನ ಸೋರಿಕೆ ತಗ್ಗೀತು, ದೊಡ್ಡಪ್ಪ. ಇಡೀ ರಾತ್ರಿ ನಿಂತ ನೀರು ಹೊದಿಕೆಯಲ್ಲೂ ಆರುತ್ತದೆ. ಬೇರೆ ಪೈಪು, ಪಂಪು ಹಾಕಿ ನೀರನ್ನು ಸುತ್ತಿಸುತ್ತಲೇ ಇದ್ದರೆ ನಲ್ಲಿಯಲ್ಲಿ ಕೂಡಲೇ ಬಿಸಿನೀರು ಬರುತ್ತದೆ. ಆದರೆ ಪೈಪು ಸದಾ ಬಿಸಿಯಾಗಿದ್ದು ಸದಾ ಸೋರುತ್ತದೆ. ಆಜಿಗೆ ಬೇಕಾದದ್ದು ಹತ್ತಿರದ ಒಲೆ.”

ಮುಂದಿನ ಸಭೆಯಲ್ಲಿ ನಾವೇ ಎದ್ದು ನಿಂತು ತಪ್ಪೊಪ್ಪಿಕೊಂಡೆವು. ಒಬ್ಬಿಬ್ಬರು ಗೊಣಗಿದರು, ನ್ಯಾಯವೇ. ಪೈಪಿಗೆಲ್ಲ ಹೊದಿಕೆ ಬಂತು. ಆಜಿಯ ಬಚ್ಚಲಿನ ಗೋಡೆಗೆ ಮೂರು ಲೀಟರಿನ ಪುಟ್ಟ ಗೀಸರು ಬಂತು. ಅದರ ಬೆಲೆ ನಾವು ಕೊಟ್ಟೆವು. ಆಜಿ ಬೇಡವೆಂದರು; ಚಕ್ಕುಲಿಯ ಡಬ್ಬವನ್ನು ಖಾಲಿ ಹಿಂದಿರುಗಿಸಬಾರದೆಂದು ಅದರ ತುಂಬ ಚಿವಡಾ ತುಂಬಿ ಕಳಿಸಿದರು.

ನಿಮ್ಮ ಕಟ್ಟಡದಲ್ಲೂ ಇಂಥ ಏರ್ಪಾಟು ಆಗುವುದಿದ್ದರೆ ಟ್ಯಾಂಕಿನ ಲೀಟರು ಎಣಿಸಿ ತೃಪ್ತರಾಗಬೇಡಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಕೆಳಗಿನ ಮನೆಯ ನಲ್ಲಿ ತಿರುಗಿಸಿ, ನೀರಿಗೆ ಬೆರಳೊಡ್ಡಿ ನೋಡಿ. ಲೆಕ್ಕ ಆರಂಭವಾಗಬೇಕಾದದ್ದು ಅಲ್ಲಿಂದ.