ಇಗರ್ಜಿ ಪಕ್ಕದ ಕನ್ನಡ ಶಾಲೆ

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವಾಗ ಸಿಗುವ ಬೇಳದ ಇಗರ್ಜಿ 1890ರಷ್ಟು ಹಳೆಯದು. ವ್ಯಾಕುಲ ಮಾತೆಯ ಹೆಸರಿನ ಆ ಗೋಥಿಕ್ ಕಟ್ಟಡವನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಕೇರಳದಲ್ಲಿ ಕಥೋಲಿಕರು ಎಂದರೆ ಮಲಯಾಳ ಮಾತಾಡುವವರು ಎಂದುಕೊಂಡು ಬಂದವರಿಗೆ ಇಲ್ಲಿ ಅಚ್ಚರಿ ಕಾದಿರುತ್ತದೆ. ನಮ್ಮ ಕಾಸರಗೋಡಿನ ಈ ಭಾಗದ ಕಥೋಲಿಕರ ಮನೆಮಾತು ಕೊಂಕಣಿ. ನೆರೆಮನೆಯವರೊಡನೆ ತುಳು, ಪೇಟೆಯ ಅಂಗಡಿಯಲ್ಲಿ ಮಲಯಾಳ, ಮಕ್ಕಳ ಪಾಠಕ್ಕೆ ಕನ್ನಡ. 1956ರ ನವೆಂಬರ್ 1ರಂದು ರಾಜ್ಯದ ಗಡಿ ನಮ್ಮ ಉತ್ತರಕ್ಕೆ ಸರಿಯಿತು, ಮಂಗಳೂರು ಧರ್ಮಪ್ರಾಂತ್ಯದ ಗಡಿ ಸರಿಯಲಿಲ್ಲ. 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯವಾದಾಗಲೂ ಕಾಸರಗೋಡು ಮಂಗಳೂರಿನ ಜೊತೆಗೇ ಉಳಿಯಿತು. ಹಾಗಾಗಿ ಇಲ್ಲಿನ ಕಥೋಲಿಕ ಶಾಲೆಗೆ ಬಿಷಪರು ಮಂಗಳೂರಿನಲ್ಲಿ, ಶಿಕ್ಷಣ ಇಲಾಖೆ ತಿರುವನಂತಪುರದಲ್ಲಿ.

ಇದೇ ಜಿಲ್ಲೆಯ ಪೂರ್ವದ ಮಲೆಗಳಿಗೆ ಹೋದರೆ ಚಿತ್ರ ಬೇರೆ. ರಾಜಪುರಂನಲ್ಲಿ 1943ರಲ್ಲಿ ತಿರುವಿದಾಂಕೂರು ಕಡೆಯಿಂದ ಬಂದು ಕಾಡು ಕಡಿದು ನೆಲೆಸಿದ ಕ್ನಾನಾಯ ಕಥೋಲಿಕರು ಇಗರ್ಜಿ ಕಟ್ಟಿದರು, ಶಾಲೆಯನ್ನೂ ಕಟ್ಟಿದರು. ಅವರಿಗೆ ಮನೆ, ಪೂಜೆ, ಪಾಠ, ಸರಕಾರ ಎಲ್ಲವೂ ಒಂದೇ ಮಾತಿನಲ್ಲಿ, ಮಲಯಾಳದಲ್ಲಿ. ಎರಡೂ ಕಡೆ ಶಿಲುಬೆ ಒಂದೇ, ಬೈಬಲ್ ಒಂದೇ, ಪೋಪರೂ ಒಬ್ಬರೇ. ಆದರೂ ಕರಾವಳಿ ಬದಿಯ ನಮ್ಮ ಶಾಲೆಗೆ ಇನ್ನೊಂದು ಹೊಣೆ ಹೆಚ್ಚಿಗೆ ಬಿದ್ದಿದೆ. ತನ್ನ ಮನೆಮಾತಲ್ಲದ, ರಾಜ್ಯದ ಮಾತೂ ಅಲ್ಲದ ಒಂದು ಭಾಷೆಯನ್ನು ಅದು ಕಾಯಬೇಕು.

ನಾನು ಕಥೋಲಿಕನಲ್ಲ, ಸಿಸ್ಟರ್‌ಗಳ ಕೈಕೆಳಗೆ ಓದಿದವನು. ವಾರಕ್ಕೊಂದು ಪೀರಿಯಡ್‌ನಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಎದ್ದು ಹೋಗುತ್ತಿದ್ದರು, ನಾವು ಉಳಿದವರು ನೀತಿಪಾಠಕ್ಕೆ ಕೂರುತ್ತಿದ್ದೆವು. ಸರಕಾರದ ಹಣ ಪಡೆಯುವ ಶಾಲೆ ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸಬಾರದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ನೀತಿಪಾಠದಲ್ಲಿ ಸುಳ್ಳು ಹೇಳಬಾರದು, ಕಾಯಿಲೆಬಿದ್ದ ಸಹಪಾಠಿಯ ಮನೆಗೆ ಹೋಗಿ ಬರಬೇಕು, ಬುತ್ತಿ ತಾರದವನಿಗೆ ಮೊದಲು ಬಡಿಸಬೇಕು ಎಂದು ಕಲಿಸಿದ್ದೆಲ್ಲ ಕನ್ನಡದಲ್ಲಿತ್ತು. ಮನೆಯಲ್ಲಿ ಕೊಂಕಣಿ ಮಾತಾಡುವ ಸಿಸ್ಟರ್, ತುಳು ಮಾತಾಡುವ ನನಗೂ ಮಲಯಾಳ ಮಾತಾಡುವ ಪಕ್ಕದ ಬೆಂಚಿನ ಹುಡುಗನಿಗೂ ಕನ್ನಡದಲ್ಲಿ ಒಳ್ಳೆಯವರಾಗುವುದನ್ನು ಹೇಳಿಕೊಟ್ಟರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ, ಕಥೋಲಿಕರಲ್ಲದ ಮಕ್ಕಳೂ ಓದುವ ಶಾಲೆಗಳು ಧರ್ಮಸಭೆಗೆ ಬಹಳ ಪ್ರಿಯವಾದವು ಎನ್ನುತ್ತದೆ. ನಮ್ಮೂರಿನ ಮಟ್ಟಿಗೆ ಆ ಮಾತು ನಿಜವಾದದ್ದು ಇಂಥ ಕನ್ನಡ ತರಗತಿಗಳಲ್ಲಿ.

ಆಗಸ್ಟ್ ಕೊನೆಗೆ ಬಂದರೆ ಈ ಬೆರೆತ ಬದುಕು ಕಣ್ಣಿಗೇ ಕಾಣಿಸುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಕಥೋಲಿಕ ಮಕ್ಕಳು ಮರಿಯಮ್ಮನಿಗೆ ಹೂ ಒಯ್ಯುತ್ತಾರೆ. ಅದೇ ಹೊತ್ತಿಗೆ ಹೆಚ್ಚುಕಡಿಮೆ ಓಣಂ ಬರುತ್ತದೆ, ಶಾಲೆಯಲ್ಲಿ ಪೂಕಳಂ ಎಂಬ ಹೂವಿನ ರಂಗೋಲಿಯ ಸ್ಪರ್ಧೆ. ಬೇಲಿಬೇಲಿಯ ದಾಸವಾಳ, ಗದ್ದೆ ಬದುವಿನ ಕಾಡುಹೂ ಯಾವುದೂ ಉಳಿಯುವುದಿಲ್ಲ. ಬೆಳಗ್ಗೆ ಇಗರ್ಜಿಗೆ ಹೂ ಕೊಯ್ದ ಹುಡುಗಿಯೇ ಮಧ್ಯಾಹ್ನ ಗೆಳತಿಯರ ಜೊತೆ ಪೂಕಳಂಗೆ ಎಸಳು ಬಿಡಿಸುತ್ತಾಳೆ. ಮೊಂತಿ ಹಬ್ಬದ ದಿನ ಆಶೀರ್ವಾದ ಮಾಡಿ ಕೊಡುವ ಹೊಸ ತೆನೆ ಮನೆಗೆ ಬರುತ್ತದೆ. ನಮ್ಮ ತುಳು ಮನೆಗಳಲ್ಲಿ ಕಟ್ಟುವ ತೆನೆಗೂ ಅದಕ್ಕೂ ಬೆಳೆ ಒಂದೇ. ಇದನ್ನೆಲ್ಲ ಯಾರೂ ಸೌಹಾರ್ದ ಎಂದು ಕರೆದು ಮಾಡುತ್ತಿಲ್ಲ. ಹೂವೂ ಭತ್ತವೂ ಆ ಕಾಲಕ್ಕೇ ಆಗುತ್ತವೆ, ಮಕ್ಕಳು ಒಂದೇ ತರಗತಿಯಲ್ಲಿದ್ದಾರೆ.

ಆ ಒಂದೇ ತರಗತಿ ಈಗ ತೆಳುವಾಗುತ್ತಿದೆ. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದ ಮೇಲೆ ತರಗತಿಯ ವಿಭಾಗ, ಎಂದರೆ ಡಿವಿಷನ್, ಉಳಿಯುತ್ತದೆ ಅಥವಾ ಹೋಗುತ್ತದೆ, ಡಿವಿಷನ್ ಹೋದರೆ ಟೀಚರ ಹುದ್ದೆಯೂ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಕನ್ನಡ ಟೀಚರುಗಳು ಮನೆಮನೆ ಹತ್ತಿಳಿಯುವುದು ಇದಕ್ಕೇ. ಹೆತ್ತವರ ಒಲವು ಇಂಗ್ಲಿಷ್ ಮೀಡಿಯಂ ಕಡೆಗೆ. ಕಥೋಲಿಕ ಮನೆಗಳೂ ಇದಕ್ಕೆ ಹೊರತಲ್ಲ; ಒಬ್ಬರು ಗಲ್ಫಿನಲ್ಲಿ, ಒಬ್ಬರು ಮಂಗಳೂರಿನಲ್ಲಿ ಇರುವಾಗ ಮಗುವಿಗೆ ಇಂಗ್ಲಿಷೇ ದಾರಿ ಎಂದು ಅನ್ನಿಸುವುದು ಸಹಜ.

ಆದರೆ ಒಂದು ಮಾತನ್ನು ನನ್ನ ಕಥೋಲಿಕ ನೆರೆಯವರ ಮುಂದೆ ಇಡಲೇಬೇಕು. ಗೋವೆಯ ಕಥೋಲಿಕರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ನೀವು ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆ ಕನ್ನಡ ಅಕ್ಷರದ ಕೊಂಕಣಿ. ನಿಮ್ಮ ಪ್ರಾರ್ಥನಾ ಪುಸ್ತಕ, ಕೀರ್ತನೆ ಪುಸ್ತಕ, ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳು ಎಲ್ಲವೂ ಹಾಗೆಯೇ. ಶಾಲೆಯಲ್ಲಿ ಕನ್ನಡ ಕಲಿಯದ ಮಗು ಇಗರ್ಜಿಯಲ್ಲಿ ಕೊಂಕಣಿಯನ್ನು ಕೇಳಬಲ್ಲದು, ಓದಲಾರದು. ಕನ್ನಡ ಡಿವಿಷನ್ ಮುಚ್ಚಿದರೆ ನಷ್ಟ ಕನ್ನಡದವರಿಗೆ ಮಾತ್ರ ಎಂದು ದಯವಿಟ್ಟು ಎಣಿಸಬೇಡಿ. ಒಂದು ತಲೆಮಾರು ಕಳೆಯುವಷ್ಟರಲ್ಲಿ ನಿಮ್ಮ ಜಪದ ಪುಸ್ತಕವನ್ನು ಓದುವವರು ಮನೆಯಲ್ಲಿ ಇರುವುದಿಲ್ಲ.

ಇನ್ನೊಂದು ಮಾತು ಕಾನೂನಿನದ್ದು. 1957ರಲ್ಲಿ ಕೇರಳದ ಮೊದಲ ಸರಕಾರ ತಂದ ಶಿಕ್ಷಣ ಮಸೂದೆಗೆ ಕಥೋಲಿಕ ಸಭೆ ಎಷ್ಟು ಬಲವಾಗಿ ಎದುರು ನಿಂತಿತು ಎಂಬುದು ಚರಿತ್ರೆ. ಮಸೂದೆ ತಂದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಕೂಡ ಕಥೋಲಿಕ ಮನೆತನದವರೇ. ಸರಕಾರದ ಹಣ ಪಡೆಯುವ ಎಯ್ಡೆಡ್ ಶಾಲೆಗಳ ಟೀಚರುಗಳನ್ನು ಲೋಕಸೇವಾ ಆಯೋಗ ಆರಿಸಿದ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು ಎಂಬುದು ಆಗಿನ ದೊಡ್ಡ ತಕರಾರುಗಳಲ್ಲಿ ಒಂದು. ಮಸೂದೆ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಹೋಯಿತು. 1958ರ ಮೇಯಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ, ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೇ ವಿಧಿಯ ಬಗ್ಗೆ ಹೇಳಿದ್ದನ್ನು ಇಂದಿಗೂ ಉದ್ಧರಿಸುತ್ತಾರೆ. ಆ ಸರಕಾರದ ವಿರುದ್ಧ ವಿಮೋಚನಾ ಹೋರಾಟ ನಡೆಯಿತು, 1959ರ ಜುಲೈ 31ರಂದು ಸರಕಾರವೇ ಹೋಯಿತು. ಕೊನೆಗೆ ಎಯ್ಡೆಡ್ ಶಾಲೆಯ ಟೀಚರಿಗೆ ಸಂಬಳ ಕೊಡುವುದು ಸರಕಾರ, ನೇಮಕ ಮಾಡುವುದು ಮ್ಯಾನೇಜರ್ ಎಂಬ ವ್ಯವಸ್ಥೆ ಉಳಿಯಿತು.

ನಮ್ಮ ಕಡೆ ಈ ವ್ಯವಸ್ಥೆಯ ಬೆಲೆ ಏನೆಂದು ಈಚಿನ ವರ್ಷಗಳಲ್ಲಿ ಚೆನ್ನಾಗಿ ತಿಳಿಯಿತು. ಸರಕಾರಿ ಹೈಸ್ಕೂಲುಗಳ ಕನ್ನಡ ತರಗತಿಗೆ ಕನ್ನಡ ಬಾರದ ಟೀಚರುಗಳು ನೇಮಕವಾಗಿ ಬಂದರು. ಗಣಿತ ಅರ್ಥವಾಗದ ಮಕ್ಕಳು ಗೇಟಿನ ಮುಂದೆ ಕೂತರು, ಹೆತ್ತವರೂ ಕೂತರು. ಎಯ್ಡೆಡ್ ಶಾಲೆಯ ಮ್ಯಾನೇಜರಿಗೆ ಆ ಗತಿ ಇಲ್ಲ. ಕನ್ನಡ ಬರುವವರನ್ನೇ ಆರಿಸುವ ಅಧಿಕಾರ ಅವರ ಕೈಯಲ್ಲಿದೆ. 30ನೇ ವಿಧಿ ಧರ್ಮದ ಅಲ್ಪಸಂಖ್ಯಾತರ ಜೊತೆ ಭಾಷೆಯ ಅಲ್ಪಸಂಖ್ಯಾತರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಮೊದಲಿನವರಾಗಿ ಪಡೆದ ಅಧಿಕಾರವನ್ನು ಎರಡನೆಯವರಿಗಾಗಿ ಬಳಸುವ ಶಾಲೆಯನ್ನು ನಾನು ತುಂಬ ಗೌರವಿಸುತ್ತೇನೆ. ಶಾಲೆಯ ಮೌಲ್ಯಗಳೇನು ಎಂದು ಯಾರಾದರೂ ಕೇಳಿದರೆ, ಗೋಡೆಯ ಮೇಲಿನ ಧ್ಯೇಯವಾಕ್ಯಕ್ಕಿಂತ ಮೊದಲು ಕನ್ನಡ ತರಗತಿಗೆ ಯಾರನ್ನು ನೇಮಿಸಿದ್ದಾರೆ ಎಂಬುದನ್ನೇ ತೋರಿಸುತ್ತೇನೆ.

ಮಲಯಾಳದ ಮೇಲೆ ನನಗೆ ಮುನಿಸಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಇಲ್ಲಿ ಭಯ ಹುಟ್ಟಿದ್ದು, ಕನ್ನಡದ ಜಾಗದಲ್ಲಿ ಅದು ಬಂದು ಕೂತರೆ ಎಂಬ ಕಾರಣಕ್ಕೆ. ಪಂಚಾಯತಿಗೆ, ಆಸ್ಪತ್ರೆಗೆ, ಪಿಎಸ್‌ಸಿ ಪರೀಕ್ಷೆಗೆ ಮಲಯಾಳ ಬೇಕು. ನಮ್ಮ ಮಕ್ಕಳು ಅದನ್ನು ಚೆನ್ನಾಗಿಯೇ ಕಲಿಯಲಿ. ಕನ್ನಡದಲ್ಲಿ ಗಟ್ಟಿಯಾಗಿ ಓದಿ ಬರೆಯಬಲ್ಲ ಮಗು ಮಲಯಾಳವನ್ನು ಬೇಗ ಹಿಡಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಹಾಗಾಗಿ ಇಗರ್ಜಿಯ ವಿಗಾರರಲ್ಲಿ ಒಂದು ಬಿನ್ನಹ. ಮೇ ತಿಂಗಳ ಭಾನುವಾರಗಳಲ್ಲಿ ಪೂಜೆಯ ಕೊನೆಗೆ ಓದುವ ಪ್ರಕಟಣೆಗಳ ಜೊತೆ, ಮಕ್ಕಳನ್ನು ಕನ್ನಡ ಡಿವಿಷನ್ನಿಗೆ ಸೇರಿಸಿ ಎಂಬುದನ್ನೂ ಕೊಂಕಣಿಯಲ್ಲಿ ಓದಿ. ನಮ್ಮ ದೇವಸ್ಥಾನದ ಜಾತ್ರೆಯ ಸಭೆಯಲ್ಲಿ ನಾವು ತುಳುವಿನಲ್ಲಿ ಹೇಳುತ್ತೇವೆ. ಮಸೀದಿಯ ಜಮಾಅತಿನ ಹಿರಿಯರಲ್ಲೂ ಕೇಳಿಕೊಳ್ಳುತ್ತೇವೆ, ಅವರು ತಮ್ಮ ಮಾತಿನಲ್ಲಿ ಹೇಳಲಿ. ಜೂನಿನ ಆರನೇ ಕೆಲಸದ ದಿನಕ್ಕೆ ಮೊದಲು ಇಷ್ಟು ಆಗಬೇಕು.