ಹೊಸ ಕಾರಿನ ಬಾಗಿಲು, ತಿಕೋಟಾದ ಗಾಳಿ

ಹೊಸ ಕಾರಿನ ಬಗ್ಗೆ ನಮ್ಮ ಮನೆಯಲ್ಲಿ ಮೊದಲು ತಕರಾರು ಎತ್ತಿದವರು ಅಪ್ಪ. ಅದೂ ಸದ್ದು ಜಾಸ್ತಿ ಅಂತ ಅಲ್ಲ, ಮಾತು ಕೇಳಿಸೋದಿಲ್ಲ ಅಂತ. ಅವರಿಗೆ 67 ವರ್ಷ, ಎರಡು ವರ್ಷದಿಂದ ಎರಡೂ ಕಿವಿಗೆ ಮಷೀನು. ವಿಜಯಪುರ ಊರು ದಾಟಿ ತಿಕೋಟಾ ರಸ್ತೆ ಹಿಡಿದು ಐದು ನಿಮಿಷ ಆಗೋದರೊಳಗೆ ಆ ಮಷೀನು ತೆಗೆದು ಅಂಗಿ ಕಿಸೆಗೆ ಹಾಕಿಕೊಂಡು ಬಿಡುತ್ತಿದ್ದರು. ಯಾಕೆ ಅಂದ್ರೆ, "ಇದರಾಗ ಬರೇ ಗಾಳಿ ಮಾತಾಡ್ತೈತಿ ತಮ್ಮಾ, ನಿನ್ನ ಮಾತು ಬರೂದಿಲ್ಲ" ಅನ್ನೋರು.

ಅಪ್ಪನೂ ನಾನೂ ನೆಟ್ಟಗೆ ಕೂತು ಮಾತಾಡುವ ಜಾಗ ಅಂದ್ರೆ ಕಾರು ಒಂದೇ. ಮನೆಯಲ್ಲಿ ನನಗೆ ಮುಗಿಯದ ಮೀಟಿಂಗುಗಳು, ಅವರಿಗೆ ಗುಡಿ ಕಟ್ಟೆ. ತಿಕೋಟಾದ ಆಚೆ ನಮ್ಮ ದ್ರಾಕ್ಷಿ ತೋಟ, ಬಬಲೇಶ್ವರದಲ್ಲಿ ಅಕ್ಕನ ಮನೆ. ಎರಡೂ ಕಡೆ 20–25 ಕಿಲೋಮೀಟರ್ ದಾರಿ. ಆ ಅರ್ಧ ಗಂಟೆಯಲ್ಲೇ ಸೊಸೈಟಿ ಸಾಲ, ಔಷಧ ಅಂಗಡಿ ಬಾಕಿ, ಬೋರ್‌ವೆಲ್ ನೀರು, ಅಕ್ಕನ ಮಗಳ ಕಾಲೇಜು ಎಲ್ಲಾ ಬರಬೇಕು. ಜೂನ್ ತಿಂಗಳ ಒಂದು ರವಿವಾರ ದಾರಿಯಲ್ಲಿ ಕೇಳಿದೆ, "ಅಪ್ಪಾ, ಎರಡ ಎಕರೆ ಲಾವಣಿಗೆ ಕೊಡೂಣೇನು? ಆಳು ಸಿಗವಲ್ಲರು." ಅಪ್ಪ "ಹೂಂ" ಅಂದರು. ಎಂಟು ದಿನ ಬಿಟ್ಟು ಲಾವಣಿ ಮಾತಾಡಲು ಮಂದಿ ಮನೆಗೆ ಬಂದಾಗ ಅಪ್ಪ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. "ನಾ ಯಾವಾಗ ಹೂಂ ಅಂದೆ?" ಬಂದವರು ಚಹಾ ಕುಡಿದು ಎದ್ದು ಹೋದರು. ಅವತ್ತು ಕಾರಿನಲ್ಲಿ ಅಪ್ಪ ಹೂಂ ಅಂದದ್ದು ನನ್ನ ಮಾತಿಗಲ್ಲ, ನನ್ನ ತುಟಿ ಅಲುಗಿದ್ದಕ್ಕೆ.

ಹಾಗಾಗಿ ಬಾಗಿಲಿನಿಂದ ಬರುವ ಆ ಸಿಳ್ಳೆ ನಮ್ಮ ಮನೆಯಲ್ಲಿ ಬರೀ ಕಿರಿಕಿರಿಯಾಗಿ ಉಳಿಯಲಿಲ್ಲ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕಡಿಮೆಯಾಗೋದು ಎತ್ತರದ, ಚೂಪಾದ ಸ್ವರಗಳು. ಮಾತಿನಲ್ಲಿ ಸ, ಶ, ತ, ಕ ಇಂಥ ವ್ಯಂಜನಗಳು ಇರೋದು ಅಲ್ಲೇ. ಆ, ಓ ಕೇಳಿಸುತ್ತವೆ, ಮಾತಿನ ಲಯ ಕೇಳಿಸುತ್ತದೆ, ಆದರೆ 'ಸಾಲ' ಅಂದ್ರೋ 'ತಾಳ' ಅಂದ್ರೋ ತಿಳಿಯೋದಿಲ್ಲ. ಬಾಗಿಲ ಸಂದಿಯಿಂದ ಬರುವ 'ಸ್ಸ್' ಅನ್ನುವ ಸದ್ದೂ ಅದೇ ಎತ್ತರದ ಸ್ವರ. ಕಿವಿ ಮಷೀನು ಮಾತಿನ ಜೊತೆ ಅದನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ನಮ್ಮೂರಿನ ಗೋಳಗುಮ್ಮಟದಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ನಿಂತವರಿಗೆ ಕೇಳಿಸುತ್ತದೆ. 1656ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ ಅದು. ಈಗಿನ ಕಾರಿನಲ್ಲಿ ಎರಡು ಅಡಿ ಪಕ್ಕದಲ್ಲಿ ಕೂತ ಅಪ್ಪನಿಗೆ ನನ್ನ ಮಾತು ಮುಟ್ಟುತ್ತಿರಲಿಲ್ಲ.

ಸರ್ವಿಸ್ ಸೆಂಟರಿಗೆ ಎರಡು ಸಲ ಹೋದೆ. ಹುಡುಗ ಒಳ್ಳೆಯವನೇ, ಕಾರು ಹತ್ತಿ ಊರೊಳಗೆ ಒಂದು ಸುತ್ತು ಹೊಡೆದ. ನಮ್ಮೂರ ಒಳಗಿನ ರಸ್ತೆಯಲ್ಲಿ 40 ದಾಟೋದೇ ಕಷ್ಟ. "ಸರ್, ಎಲ್ಲಾ ಗಾಡಿ ಹಿಂಗs ಇರ್ತಾವ್ರಿ. ಹೊಸಾದು ಐತಿ, ರಬ್ಬರ್ ಸೆಟ್ ಆಗ್ತೈತ್ರಿ" ಅಂದ. ಈ ಮಾತು ನೀವೂ ಕೇಳಿರಬಹುದು. ರಬ್ಬರು ದಿನ ಕಳೆದಂತೆ ಒತ್ತಿ ಒತ್ತಿ ಚಪ್ಪಟೆ ಆಗುತ್ತದೆಯೇ ಹೊರತು ಉಬ್ಬಿ ಬಂದು ಸಂದಿ ತುಂಬೋದಿಲ್ಲ. ಇವತ್ತು ಸಂದಿ ಇದ್ದರೆ ಮೂರು ವರ್ಷಕ್ಕೆ ಇನ್ನೂ ದೊಡ್ಡದಾಗುತ್ತದೆ.

40ರಲ್ಲಿ ಓಡಿಸಿ ಗಾಳಿ ಸದ್ದು ಹುಡುಕೋದು ದಂಡ. ಎಂಜಿನ್ ಸದ್ದು, ಟಯರ್ ಸದ್ದು ವೇಗದ ಜೊತೆ ಹಂತ ಹಂತವಾಗಿ ಏರುತ್ತವೆ. ಗಾಳಿ ಸದ್ದಿನ ಲೆಕ್ಕವೇ ಬೇರೆ, ಅದರ ಶಕ್ತಿ ವೇಗದ ಆರನೇ ಘಾತದ ಆಸುಪಾಸಿನಲ್ಲಿ ಏರುತ್ತದೆ. ಅಂದ್ರೆ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 64 ಪಟ್ಟು, ಡೆಸಿಬೆಲ್‌ನಲ್ಲಿ ಹೇಳೋದಾದರೆ 18. 40ರಲ್ಲಿ ಟಯರ್ ಸದ್ದಿನ ಕೆಳಗೆ ಮುಚ್ಚಿಹೋಗಿದ್ದು 80ರಲ್ಲಿ ಎದ್ದು ಕೂರುತ್ತದೆ. ನಮ್ಮ ಹಳೆ ಡೀಸೆಲ್ ಗಾಡಿಯಲ್ಲಿ ಗಾಳಿ ಸದ್ದು ಇರಲಿಲ್ಲ ಅಂತಲ್ಲ. ಎಂಜಿನ್ನಿನ ಗಲಾಟೆಯಲ್ಲಿ ಗೊತ್ತಾಗುತ್ತಿರಲಿಲ್ಲ ಅಷ್ಟೇ. ಈಗಿನ ಎಂಜಿನ್ನು ಸುಮ್ಮನಿರೋದರಿಂದ ಸಂದಿಯ ಸದ್ದು ಬಯಲಿಗೆ ಬಂದಿದೆ.

ಇನ್ನೊಂದು ವಿಚಿತ್ರ ಇತ್ತು. ತೋಟಕ್ಕೆ ಹೋಗುವಾಗ ಸಿಳ್ಳೆ, ಬರುವಾಗ ಇಲ್ಲ. ರಸ್ತೆ ಅದೇ, ವೇಗ ಅದೇ, ಕಾರಿನಲ್ಲಿ ಕೂತ ಮಂದಿಯೂ ಅದೇ. ನನ್ನ ಕೆಲಸದಲ್ಲಿ ಇಂಥ ಬಗ್ ಬಂದರೆ ತಲೆ ಕೆಡುತ್ತದೆ, ಒಮ್ಮೆ ಬರುತ್ತದೆ, ಒಮ್ಮೆ ಬರೋದಿಲ್ಲ. ಇದನ್ನು ಬಿಡಿಸಿದವರು ಅಪ್ಪ. ತೋಟದ ಬದುವಿನ ಮೇಲೆ ನಿಂತು, "ರಾಶಿ ತೂರುವಾಗ ಮೊದಲ ಏನ ನೋಡ್ತೀವಿ? ಗಾಳಿ ಯಾಕಡಿಂದ ಐತಿ ಅಂತ. ನಿನ್ನ ಗಾಡಿಗೂ ಅದನ್ನs ನೋಡು" ಅಂದರು.

ಜೂನ್–ಜುಲೈನಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದ್ದು. ತಿಕೋಟಾ ವಿಜಯಪುರದಿಂದ ನೇರ ಪಶ್ಚಿಮಕ್ಕೆ. ಎರೆ ಭೂಮಿ, ಬಯಲು. ಗಾಳಿ ತಡೆಯಲು ಗುಡ್ಡ ಇಲ್ಲ, ಗಿಡಗಳೂ ಕಡಿಮೆ. ಕಾರಿನ ಮೀಟರು 80 ತೋರಿಸುತ್ತಿರುವಾಗ ಎದುರು ಗಾಳಿ 25 ಇದ್ದರೆ ಬಾಗಿಲಿನ ಲೆಕ್ಕಕ್ಕೆ ಅದು 105. ಬರುವಾಗ ಅದೇ ಗಾಳಿ ಬೆನ್ನಿಗೆ, ಬಾಗಿಲಿಗೆ ಬಡಿಯೋದು 55 ಮಾತ್ರ. ಮೀಟರಿನಲ್ಲಿ ಎರಡೂ 80, ಗಾಳಿಯ ಲೆಕ್ಕದಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ. ಚಳಿಗಾಲದಲ್ಲಿ ಪೂರ್ವದ ಗಾಳಿ ಬೀಸುವ ದಿನ ಈ ಕಥೆ ತಿರುಗಾ ಮುರುಗಾ ಆಗುತ್ತದೆ.

ಬಬಲೇಶ್ವರದ ದಾರಿ ನೈಋತ್ಯಕ್ಕೆ. ಅಲ್ಲಿಗೆ ಹೋಗುವಾಗ ಗಾಳಿ ಬಲಗಡೆಯಿಂದ ಓರೆಯಾಗಿ ಬಡಿಯುತ್ತದೆ, ಅಂದ್ರೆ ನನ್ನ ಕಡೆ. ಆದರೆ ಸಿಳ್ಳೆ ಬರುತ್ತಿದ್ದದ್ದು ಎಡಗಡೆ, ಅಪ್ಪನ ಬಾಗಿಲಿನಿಂದ! ಎರಡು ದಿನ ಓದಿದ ಮೇಲೆ ಗೊತ್ತಾಯಿತು, ಹಾಗೇ ಆಗಬೇಕು. ಬಲದಿಂದ ಬಂದ ಗಾಳಿ ಮುಂದಿನ ಗಾಜನ್ನು ಸವರಿಕೊಂಡು ಹೋಗಿ, ಎಡಗಡೆಯ ಕಂಬದ ಅಂಚು ದಾಟುವಾಗ ಮೈಯಿಂದ ಕಿತ್ತು ಸುಳಿ ಸುತ್ತುತ್ತದೆ. ಆ ಸುಳಿ ಎಡ ಕಿಟಕಿಯ ಗಾಜಿಗೆ ತಾಗಿಯೇ ಹಿಂದಕ್ಕೆ ಸಾಗುತ್ತದೆ. ಸುಳಿಯೊಳಗೆ ಒತ್ತಡ ಕಡಿಮೆ, ಹಾಗಾಗಿ ಬಾಗಿಲ ಮೇಲಿನ ಚೌಕಟ್ಟನ್ನು ಹೊರಗೆ ಎಳೆಯುತ್ತದೆ. ಗಾಳಿಯ ವೇಗ 105ರ ಹತ್ತಿರ ಇದ್ದಾಗ ಅದರ ಒತ್ತಡ ಒಂದು ಚದರ ಮೀಟರಿಗೆ ಹೆಚ್ಚು ಕಡಿಮೆ 50 ಕೆಜಿ ಭಾರದಷ್ಟು. ಅದರಲ್ಲಿ ಅರ್ಧದಷ್ಟು ಎಳೆತ ಬಿದ್ದರೂ ತೆಳು ಚೌಕಟ್ಟು ಕೂದಲೆಳೆಯಷ್ಟು ಸರಿಯುತ್ತದೆ. ನಿಂತ ಕಾರಿನಲ್ಲಿ ರಬ್ಬರಿಗೆ ತಾಗಿ ಕೂತಂತೆ ಕಾಣುವ ಬಾಗಿಲು ಓಡುವಾಗ ಅಲ್ಲಿಂದ ಬಿಟ್ಟುಕೊಳ್ಳುತ್ತದೆ, ಒಳಗಿನ ಗಾಳಿ ಆ ಸಂದಿಯಿಂದ ಹೊರಗೆ ಸಿಳ್ಳೆ ಹೊಡೆಯುತ್ತ ಹೋಗುತ್ತದೆ. ಗಾಳಿ ಒಳಗೆ ಬರುತ್ತದೆ ಅಂತಲೇ ನಾವೆಲ್ಲ ತಿಳಿದಿರುತ್ತೇವೆ, ಆದರೆ ಆ ಜಾಗದಲ್ಲಿ ಅದು ಹೊರಗೆ ಹೋಗುತ್ತಿರುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣ ಏನೂ ಬೇಕಿಲ್ಲ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೂ ರಬ್ಬರಿಗೂ ನಡುವೆ ಇಟ್ಟು, ಬಾಗಿಲು ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದರೆ ಅಲ್ಲಿ ಹಿಡಿತ ಇಲ್ಲ. ಬಾಗಿಲ ಸುತ್ತ ನಾಲ್ಕು ಬೆರಳಿಗೊಂದು ಸಲ ಹೀಗೆ ನೋಡಿದೆ. ಅಪ್ಪನ ಬಾಗಿಲ ಮೇಲಿನ ಹಿಂದಿನ ಮೂಲೆಯಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ನೋಟು ಸಡಿಲ. ಖಾತ್ರಿ ಮಾಡಿಕೊಳ್ಳಲು ಅವ್ವನ ಮುಖದ ಪೌಡರನ್ನು ರಬ್ಬರಿಗೆ ಸವರಿ ಬಾಗಿಲು ಹಾಕಿ ತೆಗೆದೆ. ಚೌಕಟ್ಟಿನ ಮೇಲೆ ಬಿಳಿ ಗೆರೆ ಎಲ್ಲಾ ಕಡೆ ಮೂಡಿತ್ತು, ಆ ಮೂಲೆಯಲ್ಲಿ ಮಾತ್ರ ತುಂಡಾಗಿತ್ತು. "ನನ್ನ ಡಬ್ಬಿ ಖಾಲಿ ಮಾಡ್ತಿ ನೀ" ಅಂತ ಅವ್ವನ ಬೈಗುಳ ಬೇರೆ. ನಮ್ಮ ಕಡೆಯವರಿಗೆ ಇನ್ನೂ ಸುಲಭದ ಸಾಕ್ಷಿ ಒಂದಿದೆ, ಎರೆ ಮಣ್ಣಿನ ಧೂಳು. ಹೊಲದ ದಾರಿಯಲ್ಲಿ ಓಡಾಡಿ ಬಂದ ಮೇಲೆ ಬಾಗಿಲು ತೆಗೆದು ನೋಡಿ, ಧೂಳಿನ ಗೆರೆ ರಬ್ಬರನ್ನು ದಾಟಿ ಒಳಗೆ ಬಂದಿದ್ದರೆ ಅಲ್ಲಿ ದಾರಿ ಇದೆ ಅಂತಲೇ ಅರ್ಥ.

ಇವೆಲ್ಲ ನಿಂತ ಕಾರಿನ ಪರೀಕ್ಷೆಗಳು. ಓಡುವ ಕಾರಿಗೆ ಬೇಕಾದದ್ದು ಬಣ್ಣ ಹೊಡೆಯುವವರು ಬಳಸುವ ಕಾಗದದ ಟೇಪು. ಕನ್ನಡಿಯ ಬುಡ, ಮುಂದಿನ ಕಂಬದ ಗೆರೆ, ಬಾಗಿಲ ಸುತ್ತಿನ ಸಂದಿ ಎಲ್ಲದಕ್ಕೂ ಹೊರಗಿನಿಂದ ಟೇಪು ಹಚ್ಚಿದೆ. ಅಪ್ಪ ಹತ್ತಿ ಕೂತ ಮೇಲೆ ಅವರ ಬಾಗಿಲಿಗೂ ಹಚ್ಚಿದೆ. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿದ್ದ ಕಾರನ್ನು ನೋಡಿ ಪೆಟ್ರೋಲ್ ಬಂಕಿನ ಹುಡುಗ ಅಪಘಾತ ಏನ್ರಿ ಅಂತ ಕೇಳಿದ. ತಿಕೋಟಾ ರಸ್ತೆಯಲ್ಲಿ 80ಕ್ಕೆ ಹೋದಾಗ ಸಿಳ್ಳೆ ಪೂರ್ತಿ ನಿಂತಿತ್ತು. ಅಲ್ಲಲ್ಲಿ ಬದಿಗೆ ನಿಲ್ಲಿಸಿ ಒಂದೊಂದೇ ತುಂಡು ಕಿತ್ತು ಮತ್ತೆ ಓಡಿಸಿದೆ. ಕನ್ನಡಿ ಬುಡದ ಟೇಪು ತೆಗೆದಾಗ 'ಹೋ' ಅನ್ನುವ ಸಣ್ಣ ಸದ್ದು ಬಂತು. ಅಪ್ಪನ ಬಾಗಿಲ ಹಿಂದಿನ ಮೂಲೆಯದು ತೆಗೆದ ತಕ್ಷಣ 'ಸ್ಸ್'. ಅಪ್ಪ ಮಷೀನು ಹಾಕಿಕೊಂಡೇ ಕೂತಿದ್ದರು, ಕೈ ಎತ್ತಿ "ಇದs" ಅಂದರು. ಇದಕ್ಕೆ ನನ್ನ ಕಿವಿಗಿಂತ ಅವರ ಕಿವಿಯೇ ಸರಿಯಾದ ತಕ್ಕಡಿ. ಮೂವತ್ತು ವರ್ಷದವನ ಕಿವಿಗೆ ಇದು ಸಹಿಸಿಕೊಳ್ಳುವಂಥ ಸದ್ದು, ಅಪ್ಪನಿಗೆ ಮಾತು ಕೇಳಿಸುತ್ತದೋ ಇಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ. ಕಾರು ಕೊಳ್ಳುವಾಗ ಟೆಸ್ಟ್ ಡ್ರೈವ್‌ಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಎಷ್ಟು ಜನ? ನಾವು ಮೈಲೇಜು ಕೇಳುತ್ತೇವೆ, ಸ್ಕ್ರೀನ್ ಎಷ್ಟು ಇಂಚು ಅಂತ ಕೇಳುತ್ತೇವೆ.

ಮೂರನೇ ಸಲ ಸರ್ವಿಸ್ ಸೆಂಟರಿಗೆ ಹೋಗುವಾಗ ಪೌಡರ್ ಗೆರೆಯ ಫೋಟೋ, ಯಾವ ದಿನ ಯಾವ ದಾರಿ, ಗಾಳಿ ಯಾವ ಕಡೆ ಅಂತ ಬರೆದ ಹಾಳೆ ಎರಡೂ ಜೊತೆಗಿದ್ದವು. "ಊರಾಗ ಬ್ಯಾಡ್ರಿ, ತಿಕೋಟಾ ರೋಡಿಗೆ ಹೋಗೂಣು" ಅಂದೆ. ಈ ಸಲ ಒಬ್ಬ ಹಿರಿಯ ಮೇಸ್ತ್ರಿ ಬಂದರು. ಅವರು ಎಡಗಡೆ ಸೀಟಿನಲ್ಲಿ ಕೂತು, 80 ಮುಟ್ಟಿದ ಮೇಲೆ ಬಾಗಿಲ ಮೂಲೆಗೆ ಬೆರಳು ಒತ್ತಿ ಹಿಡಿದರು. ಸಿಳ್ಳೆ ನಿಂತಿತು. ಬೆರಳು ತೆಗೆದರೆ ಶುರು. "ಬಾಗಿಲ ಕೂತಿಲ್ರಿ ಇದು" ಅಂದರು, ಅಷ್ಟೇ. ಬಂದ ಮೇಲೆ ಬಾಗಿಲ ಲಾಕು ಹೋಗಿ ಕಚ್ಚುವ ಕಬ್ಬಿಣದ ಕೊಂಡಿಯನ್ನು ಸಡಿಲಿಸಿ ಒಂದು ಮಿಲಿಮೀಟರ್ ಒಳಗೆ ಸರಿಸಿದರು. ಆಮೇಲೆ ಬಾಗಿಲು ತೆರೆದು, ಕೆಳಗೆ ಮೊಣಕಾಲು ಕೊಟ್ಟು, ಮೇಲಿನ ಚೌಕಟ್ಟನ್ನು ಎರಡೂ ಕೈಯಿಂದ ಒಳಗೆ ದಬ್ಬಿದರು. ಲಕ್ಷಗಟ್ಟಲೆ ಕೊಟ್ಟ ಹೊಸ ಕಾರಿಗೆ ಹೀಗೆ ಮಾಡುವುದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಈ ಕೆಲಸ ಗೊತ್ತಿದ್ದವರು ಮಾಡೋದೇ ಹಾಗೆ. ಒಂದು ಕಡೆ ಮುದುಡಿ ಕೂತಿದ್ದ ರಬ್ಬರನ್ನು ವಾರಂಟಿಯಲ್ಲಿ ಬದಲಿಸಿದರು. ಒಂದು ತಾಸಿನ ಕೆಲಸ.

ಕೊಂಡಿಯನ್ನು ಜಾಸ್ತಿ ಒಳಗೆ ಸರಿಸಿದರೆ ಬಾಗಿಲು ಜೋರಾಗಿ ಬಡಿದರೇ ಬೀಳುತ್ತದೆ, ವಯಸ್ಸಾದವರಿಗೆ ಅದೂ ಕಷ್ಟ. ಹಾಗಾಗಿ ಅಪ್ಪನ ಕೈಯಿಂದಲೇ ಹಾಕಿಸಿ ನೋಡಿ ನಿಲ್ಲಿಸಿದೆವು. ಆನ್‌ಲೈನ್‌ನಲ್ಲಿ ಸಿಗುವ ಅಂಟಿಸುವ ರಬ್ಬರ್ ಪಟ್ಟಿಗಳನ್ನು ನಾನು ತರಿಸಲಿಲ್ಲ. ಅವು ಕೆಲಸ ಮಾಡೋದೇ ಇಲ್ಲ ಅಂತಲ್ಲ. ಬಾಗಿಲೇ ಸರಿ ಕೂತಿಲ್ಲದಿದ್ದರೆ ಪಟ್ಟಿ ಅಂಟಿಸೋದು ಸೋರುವ ಮಾಳಿಗೆಯ ಕೆಳಗೆ ಬುಟ್ಟಿ ಇಟ್ಟ ಹಾಗೆ. ಅಂಟಿಸಲೇಬೇಕು ಅಂದ್ರೆ ಬಾಗಿಲ ತಳದಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ, ಮುಚ್ಚಿದರೆ ಮಳೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ರಬ್ಬರನ್ನು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಎಂಜಿನ್ ಆಯಿಲು, ಮಾಮೂಲಿ ಗ್ರೀಸು ಸವರಿದರೆ ಆ ಜಾತಿಯ ರಬ್ಬರು ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ.

ಕನ್ನಡಿಯ 'ಹೋ' ಹಾಗೇ ಉಳಿದಿದೆ. ಅದು ಕನ್ನಡಿಯ ಆಕಾರದಿಂದ ಬರುವ ಸದ್ದು, ಯಾವ ಮೇಸ್ತ್ರಿಯೂ ಸರಿ ಮಾಡಲಾರ. ಸರ್ವಿಸ್ ಸೆಂಟರಿನವರು ಎಲ್ಲಾ ಗಾಡಿ ಹಿಂಗs ಅನ್ನುವ ಮಾತು ಅದಕ್ಕಾದರೆ ಸರಿ. ಫೋನಿನ ಆ್ಯಪ್‌ನಲ್ಲಿ ಅಳೆದರೆ ಮೊದಲು 68 ಇದ್ದದ್ದು ಈಗ 65. ಆ್ಯಪ್ ಹೇಳುವ ಅಂಕಿಯನ್ನು ನಾನು ನಂಬೋದಿಲ್ಲ, ಒಂದೇ ಫೋನು ತೋರಿಸಿದ ವ್ಯತ್ಯಾಸವನ್ನು ನಂಬುತ್ತೇನೆ. ಮೂರು ಡೆಸಿಬೆಲ್ ಅಂದ್ರೆ ದೊಡ್ಡ ಮಾತಲ್ಲ. ಆದರೆ ಕಡಿಮೆಯಾದದ್ದು ಆ ಚೂಪು 'ಸ್ಸ್', ವ್ಯಂಜನಗಳ ಜಾಗದ್ದು.

ಮುಂದಿನ ರವಿವಾರ ತೋಟಕ್ಕೆ ಹೊರಟಾಗ ಎದುರು ಗಾಳಿ ಜೋರಾಗಿಯೇ ಇತ್ತು. ಮಷೀನು ಅಪ್ಪನ ಕಿವಿಯಲ್ಲೇ ಇತ್ತು. ಲಾವಣಿ ವಿಷಯ ಮತ್ತೆ ತೆಗೆದೆ. ಈ ಸಲ ಹೂಂ ಅನ್ನಲಿಲ್ಲ. "ಕೊಡೂದಿಲ್ಲ" ಅಂದರು. ಲಾವಣಿಗೆ ಹಿಡಿದವರು ಬಳ್ಳಿ ಹಿಂಡಿಕೊಂಡು ಹೋಗುತ್ತಾರೆ, ಮಣ್ಣಿಗೆ ಒಂದು ಬುಟ್ಟಿ ಗೊಬ್ಬರ ಹಾಕೋದಿಲ್ಲ, ಬೇಕಾದರೆ ಒಂದು ಎಕರೆ ತೊಗರಿಗೆ ಬಿಡೋಣ ಅಂತ ತಿಕೋಟಾ ಬರೋ ತನಕ ಬಿಡಿಸಿ ಬಿಡಿಸಿ ಹೇಳಿದರು. ನಾನು ಆಳಿನ ಲೆಕ್ಕ ಹೇಳಿದೆ. ಇನ್ನೂ ತೀರ್ಮಾನ ಆಗಿಲ್ಲ.