ಮದ್ಯದ ಹೆಸರಿನ ನೀರಿನ ಜಗ್ಗು

ನಾವು ಮದ್ಯವನ್ನು ಮುಟ್ಟಿದವರಲ್ಲ. ಆದರೂ ತಾಳವಾಡಿಯ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ವಿಸ್ಕಿಯ ಹೆಸರು ಹೊತ್ತ ಏಳು ಜಗ್ಗುಗಳು ಸಾಲಾಗಿ ನಿಂತಿವೆ. ಉಪಾಧ್ಯಾಯರ ಮನೆಗೆ ಇದು ಒಪ್ಪುವ ಅಲಂಕಾರವೇ ಎಂದು ಕೇಳದ ಅತಿಥಿಗಳು ವಿರಳ.

ಮೊದಲನೆಯದು ನಮಗೆ ದೊರೆತುದು ಉದಕಮಂಡಲದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ. ತೋಟದ ಬಂಗಲೆಯೊಂದನ್ನು ತೆರವು ಮಾಡಿದಾಗ ಬಂದ ಸರಕಿನ ನಡುವೆ, ಕರಿಯ ನಾಯಿಯೊಂದು ಬಿಳಿಯ ನಾಯಿಯೊಂದು ಜೊತೆಗಿದ್ದ ಚಿತ್ರದ ಪಿಂಗಾಣಿ ಜಗ್ಗು ಧೂಳು ಹಿಡಿದು ಬಿದ್ದಿತ್ತು. ಹಾಲಿಗೆ ಆದೀತೆಂದು ಕೊಂಡು ತಂದೆವು. ಅದು 'ಬ್ಲ್ಯಾಕ್ ಅಂಡ್ ವೈಟ್' ಎಂಬ ಸ್ಕಾಚ್ ವಿಸ್ಕಿಯ ಗುರುತೆಂದು ತಿಳಿದುದು ಆಮೇಲೆ. ಮನೆಯಾಕೆ ಅದರಲ್ಲಿ ಹಾಲು ಹೊಯ್ಯಲು ಒಪ್ಪಲಿಲ್ಲ. ಜಗ್ಗು ಕಪಾಟು ಸೇರಿತು. ಕುತೂಹಲ ನಮ್ಮನ್ನು ಸೇರಿತು.

ಬ್ರಿಟನ್ನಿನ ಪಾನಗೃಹಗಳಲ್ಲಿ ವಿಸ್ಕಿಗೆ ಬೆರೆಸುವ ನೀರನ್ನು ಇಂಥ ಜಗ್ಗುಗಳಲ್ಲಿ ತುಂಬಿಡುವುದು ವಾಡಿಕೆ. ವಿಸ್ಕಿ ತಯಾರಕರು ತಮ್ಮ ಹೆಸರು ಬರೆಸಿ ಇವನ್ನು ಪಾನಗೃಹಗಳಿಗೆ ಹಂಚುತ್ತಿದ್ದರು. ಗಿರಾಕಿಯು ನೀರಿಗೆ ಕೈ ಚಾಚಿದಾಗಲೆಲ್ಲ ಹೆಸರು ಕಣ್ಣಿಗೆ ಬೀಳಬೇಕೆಂಬುದು ಅವರ ಎಣಿಕೆ. ಜಗ್ಗನ್ನು ಬೋರಲು ಹಾಕಿದರೆ ಅದರ ವಯಸ್ಸನ್ನು ಓದಬಹುದು. ನಮ್ಮಲ್ಲಿರುವ ಒಂದರ ತಳದಲ್ಲಿ 'ರಾಯಲ್ ಡೌಲ್ಟನ್' ಎಂಬ ಮುದ್ರೆಯೂ 'ಲ್ಯಾಂಬೆತ್' ಎಂಬ ಊರ ಹೆಸರೂ ಇವೆ. ಡೌಲ್ಟನ್ನರಿಗೆ 'ರಾಯಲ್' ಎಂಬ ಬಿರುದು ದೊರೆತುದು 1901ರಲ್ಲಿ; ಲಂಡನ್ನಿನ ಲ್ಯಾಂಬೆತ್ ಕಾರ್ಖಾನೆ ಮುಚ್ಚಿದುದು 1956ರಲ್ಲಿ. ಜಗ್ಗು ಹುಟ್ಟಿದುದು ಇವೆರಡರ ನಡುವೆ. ಇನ್ನೊಂದರ ಮೇಲೆ ಎತ್ತರದ ಟೋಪಿ ಧರಿಸಿ ದಾಪುಗಾಲಿಡುವ ಜಾನಿ ವಾಕರ್ ಇದ್ದಾನೆ. ಆ ಚಿತ್ರವನ್ನು ಟಾಮ್ ಬ್ರೌನ್ ಎಂಬ ಕಲಾವಿದರು ಬರೆದುದು 1908ರಲ್ಲಿ. ಜಗ್ಗು ಅದಕ್ಕೆ ಹಿಂದಿನದಾಗಲಾರದು. ಈ ಪತ್ತೇದಾರಿಯಲ್ಲಿ ನಾವು ಮೈಮರೆತಿದ್ದೆವು.

ಒಂದು ಸಂಜೆ ಏಳನೆಯ ತರಗತಿಯ ಹುಡುಗನೊಬ್ಬನು ಲೆಕ್ಕ ಕೇಳಲು ಮನೆಗೆ ಬಂದನು. ಅವನ ತಂದೆಯ ಕೂಲಿಯೆಲ್ಲ ಸಾರಾಯಿಗೆ ಹೋಗುವುದು ಊರಿಗೇ ತಿಳಿದಿತ್ತು. ಹುಡುಗನು ಕಪಾಟಿನ ಅಕ್ಷರಗಳನ್ನು ಕೂಡಿಸಿ ಓದಿ, ನಮ್ಮ ಮುಖ ನೋಡಿದನು.

"ನೀವೂ ಕುಡೀತೀರಾ ಮೇಷ್ಟ್ರೇ?"

"ಇಲ್ಲಪ್ಪ, ಇವು ನೀರಿನ ಜಗ್ಗುಗಳು."

"ನೀರಿಂದಾದ್ರೆ ಬ್ರಾಂದಿ ಹೆಸರು ಯಾಕೆ ಬರ್ದವ್ರೆ?"

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಜಗ್ಗು ಪಾನಗೃಹ ಬಿಟ್ಟು ಕಡಲು ದಾಟಿ ಬಂದರೂ ತನ್ನ ಕೆಲಸ ಬಿಟ್ಟಿರಲಿಲ್ಲ. ನಮ್ಮ ಕಪಾಟಿನಲ್ಲಿ ನಿಂತು, ಆ ಮಗುವಿನ ಎದುರಿನಲ್ಲಿಯೂ ಅದು ತನ್ನ ಒಡೆಯನ ಹೆಸರನ್ನೇ ಸಾರುತ್ತಿತ್ತು. ನಾವು ಸಂಬಳವಿಲ್ಲದೆ ಅದರ ಡಂಗುರ ಹೊಡೆದಂತಾಗಿತ್ತು.

ಜಗ್ಗುಗಳನ್ನು ಮಾರಿಬಿಡಿ ಎಂದರು ಮನೆಯಾಕೆ. ನಮಗೆ ಮನಸ್ಸು ಬರಲಿಲ್ಲ. ಪ್ರತಿಯೊಂದರ ಮುಂದೆಯೂ ಕನ್ನಡದಲ್ಲಿ ಒಂದು ಚೀಟಿ ಬರೆದಿಟ್ಟೆವು: ಮಾಡಿದವರು ಯಾರು, ಮಾಡಿಸಿದವರು ಯಾರು, ಏತಕ್ಕಾಗಿ ಮಾಡಿಸಿದರು ಎಂದು. ಮೊದಲನೆಯ ಚೀಟಿಯನ್ನು ಬರೆದವನು ಆ ಹುಡುಗನೇ. ಅಂದಿನಿಂದ ವರ್ಷಕ್ಕೊಮ್ಮೆ ಒಂದು ಜಗ್ಗನ್ನು ತರಗತಿಗೆ ಒಯ್ದು ಮೇಜಿನ ಮೇಲಿಟ್ಟು, ಅವನು ಕೇಳಿದ ಪ್ರಶ್ನೆಯನ್ನೇ ಮಕ್ಕಳಿಗೆ ಕೇಳುತ್ತೇವೆ.